ಪರ-ವಿರೋಧ: ರೋಮ್ ತನ್ನ ಪ್ರಜೆಗಳಿಗೆ ಬಿಟ್ಟಿ ಧಾನ್ಯ ಹಂಚಿದ್ದು ಸರಿಯೇ?

ಪರ: ಅದು ಭಿಕ್ಷೆಯಲ್ಲ, ಪಾಲು

ರೋಮಿನ ಇತಿಹಾಸವನ್ನು ಓದದವರಿಗೂ ಒಂದು ಮಾತು ಗೊತ್ತಿರುತ್ತದೆ: ದೊರೆಗಳು ಜನರಿಗೆ ಬಿಟ್ಟಿ ರೊಟ್ಟಿ ಕೊಟ್ಟು, ರಥದ ಓಟ ತೋರಿಸಿ, ಅವರನ್ನು ಸೋಮಾರಿಗಳನ್ನಾಗಿ ಮಾಡಿದರು, ಅದರಿಂದಲೇ ಸಾಮ್ರಾಜ್ಯ ಹಾಳಾಯಿತು. ಈ ಮಾತಿನ ಬೇರು ಕ್ರಿ.ಶ. 2ನೇ ಶತಮಾನದ ಆರಂಭದಲ್ಲಿ ಬರೆದ ಜುವೆನಲ್ ಎಂಬ ವಿಡಂಬನಕವಿಯ ಒಂದೆರಡು ಸಾಲುಗಳಲ್ಲಿದೆ. ಅವನು ಕವಿ, ಕಣಜದ ಲೆಕ್ಕ ಬರೆಯುವವನಲ್ಲ. ಅವನ ಸಿಟ್ಟನ್ನೇ ಸಾಕ್ಷ್ಯವೆಂದು ಒಪ್ಪಿಕೊಂಡು ಒಂದು ಮಹಾನಗರದ ದುಡಿಯುವ ಜನರನ್ನೆಲ್ಲ ಇಷ್ಟು ಕಾಲ ನಿಂದಿಸುತ್ತ ಬಂದಿರುವುದು ದೊಡ್ಡ ಅನ್ಯಾಯವೆಂದು ನಾನು ನಂಬಿದ್ದೇನೆ.

ಮೊದಲನೆಯದಾಗಿ, ಧಾನ್ಯದ ಕಾನೂನು ಹುಟ್ಟಿದಾಗ ಅದು ಬಿಟ್ಟಿಯಾಗಿರಲೇ ಇಲ್ಲ. ಕ್ರಿ.ಪೂ. 123ರಲ್ಲಿ ಟ್ರಿಬ್ಯೂನ್ (ಸಾಮಾನ್ಯ ಜನರ ಪ್ರತಿನಿಧಿ) ಆಗಿದ್ದ ಗಯಸ್ ಗ್ರಾಕಸ್ ಮಾಡಿದ್ದಿಷ್ಟೆ: ಬೆಳೆ ಬರಲಿ, ಹೋಗಲಿ, ನಗರದ ಪ್ರಜೆಗೆ ಒಂದು ಮೋಡಿಯಸ್ (ಸುಮಾರು ಆರೂವರೆ ಕಿಲೊ) ಗೋಧಿ 6⅓ ಆಸ್ ನಾಣ್ಯಗಳ ನಿಗದಿತ ಬೆಲೆಗೆ ಸಿಗಬೇಕು, ಅದಕ್ಕಾಗಿ ಸರಕಾರವೇ ಕಣಜ ಕಟ್ಟಿ ದಾಸ್ತಾನು ಇಡಬೇಕು. ಆ ಪ್ರಜೆಗಳು ಯಾರು? ಕಾರ್ತೇಜ್, ಸ್ಪೇನ್, ಗ್ರೀಸ್ ಎಂದು ವರ್ಷಗಟ್ಟಲೆ ಯುದ್ಧಕ್ಕೆ ಹೋದವರು, ಹಿಂದಿರುಗುವ ಹೊತ್ತಿಗೆ ಹೊಲ ಪಾಳು ಬಿದ್ದು ಸಿರಿವಂತರ ಪಾಲಾಗಿದ್ದನ್ನು ಕಂಡು ಹೆಂಡಿರು ಮಕ್ಕಳೊಂದಿಗೆ ನಗರ ಸೇರಿದವರು. ಗಯಸ್‌ನ ಅಣ್ಣ ಟೈಬೀರಿಯಸ್ ಅಂಥವರಿಗೆ ಸಾರ್ವಜನಿಕ ಭೂಮಿಯನ್ನು ಹಂಚಲು ಹೊರಟು ಕ್ರಿ.ಪೂ. 133ರಲ್ಲಿ ಸೆನೆಟರುಗಳ ಗುಂಪಿನ ಕೈಯಲ್ಲಿ ಹತನಾದ. ಅದೇ ವರ್ಷ ಇಂದಿನ ಟರ್ಕಿಯಲ್ಲಿದ್ದ ಪೆರ್ಗಮಮ್‌ನ ದೊರೆ 3ನೇ ಅಟ್ಟಾಲಸ್ ತನ್ನ ಇಡೀ ರಾಜ್ಯವನ್ನು ರೋಮಿಗೆ ಉಯಿಲು ಬರೆದು ತೀರಿಕೊಂಡ. ಗೆದ್ದ ನಾಡುಗಳ ಕಂದಾಯ ಬೊಕ್ಕಸಕ್ಕೆ ಹರಿದು ಬರುತ್ತಿರುವಾಗ, ಆ ನಾಡುಗಳನ್ನು ಗೆದ್ದುಕೊಟ್ಟ ಸೈನಿಕನ ಮನೆಯಲ್ಲಿ ಹಿಟ್ಟಿಲ್ಲವೆಂದರೆ ಅದನ್ನು ಯಾವ ನ್ಯಾಯ ಒಪ್ಪುತ್ತದೆ?

ಆ ಕಾನೂನಿನ ವೈರಿಯ ಬಾಯಿಂದಲೇ ಬಂದ ಒಂದು ಮಾತನ್ನು ರೋಮಿನ ವಾಗ್ಮಿ ಸಿಸೆರೊ ದಾಖಲಿಸಿದ್ದಾನೆ. ರೋಮಿನ ಅತ್ಯುನ್ನತ ಅಧಿಕಾರವಾದ ಕಾನ್ಸುಲ್ ಪದವಿಯನ್ನೇ ಅಲಂಕರಿಸಿದ್ದ ಪೀಸೊ ಫ್ರುಗಿ ಈ ಕಾನೂನನ್ನು ಕೊನೆಯವರೆಗೂ ವಿರೋಧಿಸಿದ್ದವನು. ಕಾನೂನು ಜಾರಿಯಾದ ಮೇಲೆ ಅವನೇ ಧಾನ್ಯ ಪಡೆಯಲು ಬಂದು ನಿಂತ. ಗ್ರಾಕಸ್ ಅವನನ್ನು ಗುರುತಿಸಿ, ವಿರೋಧಿಸಿದ ನೀನೇ ಬಂದೆಯಲ್ಲ ಎಂದು ಕೇಳಿದಾಗ ಪೀಸೊ ಹೇಳಿದನಂತೆ: ನನ್ನ ಸೊತ್ತನ್ನು ನೀನು ಎಲ್ಲರಿಗೂ ಹಂಚುವುದು ನನಗಿಷ್ಟವಿಲ್ಲ, ಹಂಚುವುದೇ ಆದರೆ ನನ್ನ ಪಾಲನ್ನು ಕೇಳುತ್ತೇನೆ. ಬೊಕ್ಕಸವೆಂದರೆ ತಮ್ಮ ಮನೆಯ ಪೆಟ್ಟಿಗೆ ಎಂದು ಆ ವರ್ಗ ಎಷ್ಟು ಸಹಜವಾಗಿ ಭಾವಿಸಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಮುಂದೆ ಸರ್ವಾಧಿಕಾರಿಯಾದ ಸುಲ್ಲಾ ಈ ಹಂಚಿಕೆಯನ್ನು ನಿಲ್ಲಿಸಿದ. ಆದರೆ ಕ್ರಿ.ಪೂ. 73ರಲ್ಲಿ ಅದು ಮತ್ತೆ ಜಾರಿಗೆ ಬಂತು. 62ರಲ್ಲಿ ಅದನ್ನು ವಿಸ್ತರಿಸಿದವನು ಕಟ್ಟಾ ಸಂಪ್ರದಾಯವಾದಿ ಕೇಟೊ. 58ರಲ್ಲಿ ಜನಪಕ್ಷದ ಟ್ರಿಬ್ಯೂನ್ ಕ್ಲೋಡಿಯಸ್ ಬೆಲೆಯನ್ನೂ ತೆಗೆದುಹಾಕಿದ. ಒಂದು ವ್ಯವಸ್ಥೆಯನ್ನು ಪರಸ್ಪರ ದ್ವೇಷಿಸುವ ಎರಡೂ ಬಣಗಳು ಮುಂದುವರಿಸಿದವೆಂದರೆ ಅದರ ಅಗತ್ಯ ಎಂಥದ್ದಿರಬೇಕು!

ಇನ್ನು ಸೋಮಾರಿತನದ ಆರೋಪ. ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗ ನಾನೂ ಆ ರೊಟ್ಟಿ-ಆಟದ ಪಾಠವನ್ನು ಮಾಡುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ತಿಂಗಳಿಗೆ ಎಷ್ಟು ಕೊಡ್ತಿದ್ರು?” ಎಂದು ಕೇಳಿದಳು. ಅವಳ ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮನೆಯ ಅಡುಗೆ, ಸಾಮಾನಿನ ಲೆಕ್ಕ ಎಲ್ಲ ಅವಳದೇ. ನಾನು ಬೋರ್ಡಿನ ಮೇಲೆ ಬರೆದೆ: 5 ಮೋಡಿಯಸ್, ಅಂದರೆ ಸುಮಾರು 33 ಕಿಲೊ ಗೋಧಿ, ವಯಸ್ಕ ಗಂಡಸಿನ ಹೆಸರಿಗೆ ಮಾತ್ರ. ಅವಳು ಅರೆಗಳಿಗೆ ಸುಮ್ಮನಿದ್ದು, “ಮನೇಲಿ ಐದು ಜನ ಇದ್ರೆ ದಿನಕ್ಕೆ ಒಬ್ಬೊಬ್ಬರಿಗೆ ಕಾಲು ಕಿಲೊನೂ ಬರಲ್ಲ ಮೇಡಂ. ಬೀಸೋಕೆ ದುಡ್ಡು? ಸೌದೆ? ಬಾಡಿಗೆ?” ಎಂದಳು. ಇಡೀ ತರಗತಿ ಲೆಕ್ಕಕ್ಕೆ ಇಳಿಯಿತು. ಎಣ್ಣೆಯನ್ನು ಒಬ್ಬ ಸೇರಿಸಿದ, ಬಟ್ಟೆಯನ್ನು ಇನ್ನೊಬ್ಬಳು. ಗಂಟೆ ಹೊಡೆಯುವ ಹೊತ್ತಿಗೆ ಆ ರೋಮನ್ ಕುಟುಂಬದ ಯಜಮಾನ ಕೂಲಿಗೆ ಹೋಗದೆ ತಿಂಗಳು ಕಳೆಯಲು ಸಾಧ್ಯವೇ ಇಲ್ಲವೆಂದು ಎಲ್ಲರಿಗೂ ಮನದಟ್ಟಾಗಿತ್ತು. ಅಷ್ಟೊಂದು ಪುಸ್ತಕಗಳನ್ನು ಓದಿ ಪಾಠ ಮಾಡುವವರಿಗೆ ಹೊಳೆಯದ ಪ್ರಶ್ನೆ, ದಿನವೂ ಅಕ್ಕಿ ಅಳೆಯುವ ಕೈಗೆ ತಾನಾಗಿ ಹೊಳೆದಿತ್ತು.

ಅವಳ ಪ್ರಶ್ನೆಗಳು ರೋಮಿನ ಮಟ್ಟಿಗೆ ಅಕ್ಷರಶಃ ನಿಜ. ಬಡವರು ವಾಸಿಸುತ್ತಿದ್ದುದು ಬಹುಮಹಡಿಯ ಬಾಡಿಗೆ ಕಟ್ಟಡಗಳ ಮೇಲಿನ ಅಂತಸ್ತುಗಳಲ್ಲಿ; ಅಲ್ಲಿ ಒಲೆ ಹೂಡಲು ಜಾಗವಿಲ್ಲ, ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ. ಪಡಿಯ ಗೋಧಿಯನ್ನು ಹೊತ್ತುಕೊಂಡು ಬೇಕರಿಗೆ ಹೋಗಿ ಕಾಸು ಕೊಟ್ಟು ಬೀಸಿಸಿ, ಸುಡಿಸಿ ತರಬೇಕು. ಇಂದಿಗೂ ರೋಮಿನ ಪೋರ್ತಾ ಮಜೋರೆ ದ್ವಾರದ ಪಕ್ಕದಲ್ಲಿ ಯೂರಿಸಾಸಿಸ್ ಎಂಬ ಬೇಕರಿ ಗುತ್ತಿಗೆದಾರನ ಸಮಾಧಿ ನಿಂತಿದೆ. ಅದರ ಮೇಲಂಚಿನ ಉಬ್ಬುಶಿಲ್ಪದಲ್ಲಿ ಪ್ರಾಣಿಗಳು ಬೀಸುವ ಕಲ್ಲನ್ನು ಸುತ್ತುತ್ತಿವೆ, ಆಳುಗಳು ಹಿಟ್ಟು ಜರಡಿ ಹಿಡಿಯುತ್ತಿದ್ದಾರೆ, ಮೇಜಿನ ಸುತ್ತ ನಿಂತು ಉಂಡೆ ಕಟ್ಟುತ್ತಿದ್ದಾರೆ, ಒಬ್ಬ ಉದ್ದ ಹಿಡಿಯ ಹಲಗೆಯಿಂದ ರೊಟ್ಟಿಯನ್ನು ಒಲೆಗೆ ತಳ್ಳುತ್ತಿದ್ದಾನೆ, ಕೊನೆಗೆ ರೊಟ್ಟಿಯ ಬುಟ್ಟಿಗಳು ತಕ್ಕಡಿಗೆ ಏರುತ್ತವೆ. ಧಾನ್ಯದ ಬದಲು ಸುಟ್ಟ ರೊಟ್ಟಿಯನ್ನೇ ಕೊಡುವ ಕ್ರಮ ಬಂದದ್ದು ಕ್ರಿ.ಶ. 3ನೇ ಶತಮಾನದ ಉತ್ತರಾರ್ಧದಲ್ಲಿ, ಚಕ್ರವರ್ತಿ ಆರೇಲಿಯನ್ ಕಾಲಕ್ಕೆ. ಅದಕ್ಕೂ ಹಿಂದಿನ 300ಕ್ಕೂ ಹೆಚ್ಚು ವರ್ಷ ಸಿಕ್ಕಿದ್ದು ರೊಟ್ಟಿಯಲ್ಲ, ಹಸಿ ಗೋಧಿ. ಉಳಿದದ್ದಕ್ಕೆಲ್ಲ ಟೈಬರ್ ನದಿಯ ದಡದಲ್ಲಿ ಮೂಟೆ ಹೊರಬೇಕು, ಕಟ್ಟಡಕ್ಕೆ ಕಲ್ಲು ಹೊರಬೇಕು. ಭಾರವಾದ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಉಪಾಯವನ್ನು ಒಬ್ಬ ಕುಶಲಕರ್ಮಿ ತಂದಾಗ, ಚಕ್ರವರ್ತಿ ವೆಸ್ಪೇಸಿಯನ್ ಅವನಿಗೆ ಬಹುಮಾನ ಕೊಟ್ಟು, ನನ್ನ ಬಡಜನರ ಹೊಟ್ಟೆಯ ಪಾಡು ನೋಡಬೇಕಲ್ಲ ಎಂದು ಆ ಉಪಾಯವನ್ನು ಬಳಸದೆ ಬಿಟ್ಟನೆಂದು ಚಕ್ರವರ್ತಿಗಳ ಚರಿತ್ರೆ ಬರೆದ ಸ್ಯುಟೋನಿಯಸ್ ಹೇಳಿದ್ದಾನೆ. ಪಡಿಯೊಂದರಿಂದ ಹೊಟ್ಟೆ ತುಂಬುತ್ತಿದ್ದರೆ ಚಕ್ರವರ್ತಿಗೆ ಆ ಚಿಂತೆ ಯಾಕೆ?

ಸುಮಾರು ಹತ್ತು ಲಕ್ಷ ಜನರ ನಗರ ಸಮುದ್ರದಾಚೆಯ ಗೋಧಿಯನ್ನು ನಂಬಿ ಬದುಕಿತ್ತು. ಚಳಿಗಾಲದ ತಿಂಗಳುಗಳಲ್ಲಿ ಹಡಗು ಸಂಚಾರ ಬಹುಪಾಲು ನಿಂತುಹೋಗುತ್ತಿತ್ತು. ಕ್ರಿ.ಶ. 51ರಲ್ಲಿ ನಗರದಲ್ಲಿ ಉಳಿದಿದ್ದುದು 15 ದಿನಗಳ ಆಹಾರ ಮಾತ್ರವೆಂದು ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ನಗರದ ಮುಖ್ಯ ಚೌಕವಾದ ಫೋರಮ್‌ನಲ್ಲಿ ಜನ ಚಕ್ರವರ್ತಿ ಕ್ಲಾಡಿಯಸ್‌ನನ್ನು ಮುತ್ತಿಕೊಂಡು ಬೈದು, ರೊಟ್ಟಿಯ ಚೂರುಗಳನ್ನು ಅವನ ಮೇಲೆಸೆದರು. ಹಿತ್ತಲ ಬಾಗಿಲಿನಿಂದ ಅರಮನೆ ಸೇರಿಕೊಂಡ ಆ ದೊರೆ, ಬಿರುಗಾಳಿಯಲ್ಲಿ ಹಡಗು ಮುಳುಗಿದರೆ ನಷ್ಟವನ್ನು ತಾನೇ ಭರಿಸುವುದಾಗಿ ವರ್ತಕರಿಗೆ ಭರವಸೆ ಕೊಟ್ಟ. ಆಸ್ಟಿಯಾದ ಬಳಿ ಹೊಸ ಬಂದರನ್ನು ಕಟ್ಟಿಸುವ ಕೆಲಸ ಆಗಲೇ ನಡೆದಿತ್ತು. ಪಡಿಯ ಹಕ್ಕನ್ನು ಅರಿತ ಜನ ಇದ್ದುದರಿಂದಲೇ ಆಳುವವರು ಕಣಜ, ಬಂದರು, ಹಡಗುಗಳತ್ತ ಕಣ್ಣಿಟ್ಟಿರಬೇಕಾಯಿತು.

ಪ್ರಾಂತಗಳ ರೈತರ ಕಷ್ಟವನ್ನು ಕೆಲವರು ಎತ್ತುತ್ತಾರೆ. ಆ ಕಷ್ಟ ಸಾಮ್ರಾಜ್ಯದಿಂದ ಬಂದದ್ದೇ ಹೊರತು ಪಡಿಯಿಂದಲ್ಲ. ಸುಲ್ಲಾ ಪಡಿಯನ್ನು ನಿಲ್ಲಿಸಿದಾಗ ಸಿಸಿಲಿ ದ್ವೀಪದ ರೈತ ಕೊಡಬೇಕಿದ್ದ ದಶಾಂಶವೇನೂ (ಬೆಳೆಯ ಹತ್ತನೇ ಒಂದು ಪಾಲಿನ ತೆರಿಗೆ) ರದ್ದಾಗಲಿಲ್ಲ.

ವಿರೋಧ: ಬೆಳೆದವನನ್ನು ಯಾರೂ ಕೇಳಲಿಲ್ಲ

ಈ ಪ್ರಶ್ನೆಯಲ್ಲಿ ವಿರೋಧದ ಪಕ್ಷವನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಲಾಗಿದೆ. ಹಸಿದವನಿಗೆ ಧಾನ್ಯ ಕೊಡಬಾರದಿತ್ತೆಂದು ನಾನು ವಾದಿಸಲಾರೆ, ಹಾಗೆ ನಂಬಿದವನೂ ಅಲ್ಲ. ಜನ ಸೋಮಾರಿಗಳಾದರೋ ಇಲ್ಲವೋ ಎಂಬ ಚರ್ಚೆಯನ್ನು ಬದಿಗಿಡುತ್ತೇನೆ. ನನ್ನ ಆಕ್ಷೇಪವಿರುವುದು ಧಾನ್ಯ ಯಾರಿಗೆ ಹೋಯಿತು, ಎಲ್ಲಿಂದ ಬಂತು ಎಂಬುದರ ಬಗ್ಗೆ. ರೋಮಿನ ಪಡಿಯನ್ನು ಹೊಗಳುವವರ ಬರಹಗಳಲ್ಲಿ ಗೋಧಿ ಹಡಗಿನಲ್ಲೇ ಬೆಳೆಯುತ್ತದೆ; ಹೊಲವೂ ಇಲ್ಲ, ರೈತನೂ ಇಲ್ಲ.

ಯಾರಿಗೆ ಹೋಯಿತು? ಬಡವರಿಗೆ ಎಂದುಕೊಂಡರೆ ತಪ್ಪು. ರೋಮ್ ನಗರದಲ್ಲಿ ವಾಸಿಸುವ, ಪೌರತ್ವವುಳ್ಳ ಗಂಡಸಿಗೆ ಹೋಯಿತು. ಗುಲಾಮರಿಗಿಲ್ಲ, ಪರದೇಶದವರಿಗಿಲ್ಲ, ಗಂಡನಿಲ್ಲದ ಹೆಂಗಸಿಗೆ ಅವಳ ಹೆಸರಿನಲ್ಲಿ ಇಲ್ಲ. ನಗರ ದಾಟಿ ಒಂದು ದಿನದ ದಾರಿ ನಡೆದರೆ ಅಲ್ಲಿಯ ಹಸಿದ ಪ್ರಜೆಗೂ ಇಲ್ಲ. ಸಾಮ್ರಾಟರ ಕಾಲದಲ್ಲಿ ಇದನ್ನು ಬಡತನದ ಗುರುತಿಗಿಂತ ಹೆಚ್ಚಾಗಿ ಪದವಿಯ ಗುರುತಾಗಿ ಕಂಡವರಿದ್ದರು. ತಮ್ಮ ಗುಲಾಮರಿಗೆ ಬಿಡುಗಡೆ ಕೊಟ್ಟು, ಅವರ ಹೆಸರಿಗೆ ಬರುವ ಪಡಿಯನ್ನು ಒಡೆಯರೇ ಪಡೆಯುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹ್ಯಾಲಿಕಾರ್ನಾಸಸ್‌ನ ಡಯೊನೀಸಿಯಸ್ ಬರೆದಿದ್ದಾನೆ. ಜೂಲಿಯಸ್ ಸೀಸರ್ ಪಟ್ಟಿಯನ್ನು ಪರಿಷ್ಕರಿಸಿದಾಗ 3,20,000 ಹೆಸರುಗಳು 1,50,000ಕ್ಕೆ ಇಳಿದವು. ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲಕ್ಕೆ ಅದು ಮತ್ತೆ ಎರಡು ಲಕ್ಷವನ್ನು ಮುಟ್ಟಿತು. ಕ್ಲೋಡಿಯಸ್ ಬೆಲೆ ತೆಗೆದುಹಾಕಿದ್ದರಿಂದ ಬೊಕ್ಕಸದ ಆದಾಯದ ಐದನೇ ಒಂದು ಭಾಗ ಹೋಯಿತೆಂದು ಸಿಸೆರೊ ದೂರಿದ. ಕ್ಲೋಡಿಯಸ್ ಅವನ ಕಡುವೈರಿಯಾದ್ದರಿಂದ ಆ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೀತು.

ಎಲ್ಲಿಂದ ಬಂತು ಎಂಬುದು ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಕ್ರಿ.ಪೂ. 73ರ ಕಾನೂನು ಪಡಿಯನ್ನು ಮತ್ತೆ ತಂದಾಗ ಅದರ ಜೊತೆಗೇ ಸಿಸಿಲಿಯ ರೈತರಿಂದ ಎರಡನೆಯ ದಶಾಂಶವನ್ನು ಕೊಳ್ಳುವ ಆದೇಶವೂ ಬಂತು. ಮೊದಲ ದಶಾಂಶ ತೆರಿಗೆ. ಎರಡನೆಯದಕ್ಕೆ ರೋಮ್ ಹಣ ಕಳುಹಿಸಿತು. ಅದೇ ವರ್ಷ ಆ ದ್ವೀಪಕ್ಕೆ ರಾಜ್ಯಪಾಲನಾಗಿ ಬಂದವನು ವೆರೆಸ್. ಆ ಹಣವನ್ನು ಅವನು ಹೇಗೆ ನುಂಗಿದ, ಕಣದಿಂದ ಧಾನ್ಯ ಎತ್ತುವ ಮೊದಲೇ ಗುತ್ತಿಗೆದಾರರು ರೈತನನ್ನು ಹೇಗೆ ಹಿಂಡಿದರು ಎಂಬುದು ಕ್ರಿ.ಪೂ. 70ರಲ್ಲಿ ಅವನ ವಿರುದ್ಧ ಸಿಸೆರೊ ಸಿದ್ಧಪಡಿಸಿದ ವಾದದಲ್ಲಿ ವಿವರವಾಗಿದೆ. ಲಿಯಾಂಟಿನಿಯ ಫಲವತ್ತಾದ ಬಯಲಿನಲ್ಲಿ ವೆರೆಸ್ ಬಂದ ಮೊದಲ ವರ್ಷ 84 ಮಂದಿ ಸಾಗುವಳಿದಾರರಿದ್ದರು, ಮೂರನೆಯ ವರ್ಷ 32 ಮಂದಿ ಉಳಿದರು ಎಂದು ಸಿಸೆರೊ ಲೆಕ್ಕ ಕೊಡುತ್ತಾನೆ. ರೋಮಿನ ಗಂಡಸಿನ 5 ಮೋಡಿಯಸ್‌ನ ಹಿಂದೆ ಹೊಲ ಬಿಟ್ಟುಹೋದ ಈ 52 ಮಂದಿ ಇದ್ದಾರೆ. ಪಡಿ ಬೇರೆ, ಸಾಮ್ರಾಜ್ಯ ಬೇರೆ ಎಂದು ಹೇಳುವವರು 73ರ ಆ ಒಂದು ಕಾನೂನನ್ನು ಮತ್ತೊಮ್ಮೆ ನೋಡಬೇಕು.

ಈಜಿಪ್ಟಿನ ಕತೆ ಇನ್ನೂ ಉದ್ದವಾದದ್ದು. ತೆರಿಗೆಯ ಗೋಧಿಯನ್ನು ಹಳ್ಳಿಯ ಕಣಜದಿಂದ ಕತ್ತೆಗಳ ಮೇಲೆ ಹೇರಿ ನೈಲ್ ದಡಕ್ಕೆ, ಅಲ್ಲಿಂದ ದೋಣಿಯಲ್ಲಿ ಅಲೆಕ್ಸಾಂಡ್ರಿಯಕ್ಕೆ, ಅಲ್ಲಿಂದ ಹಡಗಿನಲ್ಲಿ ಇಟಲಿಗೆ ಸಾಗಿಸಲಾಗುತ್ತಿತ್ತು. ತೆರಿಗೆ ಕಟ್ಟಲಾಗದೆ ಊರು ಬಿಟ್ಟು ಓಡಿಹೋದವರ ಉಲ್ಲೇಖ ಅಲ್ಲಿಯ ಪಪೈರಸ್ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕ್ರಿ.ಶ. 19ರಲ್ಲಿ ರಾಜಮನೆತನದ ಜರ್ಮ್ಯಾನಿಕಸ್ ಅಲ್ಲಿಗೆ ಹೋಗಿ ಕಣಜಗಳನ್ನು ತೆರೆಸಿ ಬೆಲೆ ಇಳಿಸಿದಾಗ ಅಲೆಕ್ಸಾಂಡ್ರಿಯದ ಜನ ಅವನನ್ನು ಕೊಂಡಾಡಿದರು. ಟೈಬೀರಿಯಸ್ ಚಕ್ರವರ್ತಿ ಮಾತ್ರ, ಅನುಮತಿ ಇಲ್ಲದೆ ಆ ನಾಡಿಗೆ ಕಾಲಿಟ್ಟನೆಂದು ಅವನನ್ನು ಕಟುವಾಗಿ ಆಕ್ಷೇಪಿಸಿದ. ಈಜಿಪ್ಟನ್ನು ಹಿಡಿದವನು ಇಟಲಿಯನ್ನು ಹಸಿವಿನಿಂದ ಮಣಿಸಬಲ್ಲನೆಂಬ ಭಯ ಅಗಸ್ಟಸ್‌ನ ಕಾಲದಿಂದಲೂ ಇತ್ತು. ಗೋಧಿ ಬೆಳೆಯುವ ನಾಡಿನವರು ತಮ್ಮದೇ ಕಣಜದ ಬಾಗಿಲು ತೆರೆಯಲು ರಾಜಕುಮಾರನೊಬ್ಬ ದಾರಿ ತಪ್ಪಿ ಬರುವವರೆಗೆ ಕಾಯಬೇಕಾಯಿತು.

ಅಗಸ್ಟಸ್‌ನಿಗೇ ಈ ವ್ಯವಸ್ಥೆಯ ಬಗ್ಗೆ ಸಮಾಧಾನವಿರಲಿಲ್ಲ. ಪಡಿಯನ್ನು ನೆಚ್ಚಿ ಬೇಸಾಯ ನಿಲ್ಲುತ್ತಿದೆಯೆಂದು ಅದನ್ನು ಶಾಶ್ವತವಾಗಿ ರದ್ದುಮಾಡಬೇಕೆಂದುಕೊಂಡಿದ್ದ. ಆದರೆ ಮುಂದೆ ಯಾರಾದರೂ ಜನಮನ್ನಣೆಗಾಗಿ ಅದನ್ನು ಮರಳಿ ತಂದೇ ತರುತ್ತಾರೆಂದು ಕೈಬಿಟ್ಟನೆಂದು ಸ್ಯುಟೋನಿಯಸ್ ಬರೆದಿದ್ದಾನೆ. ಅವನ ಆ ಅಂದಾಜು ಸರಿಯಾಗಿತ್ತೆಂದೇ ನನಗೂ ಅನಿಸುತ್ತದೆ. ಮುಂದೆ ಎಣ್ಣೆ ಸೇರಿತು, ಹಂದಿಮಾಂಸ ಸೇರಿತು, ಪಟ್ಟಿ ಉದ್ದವಾಯಿತು. ನಗರವನ್ನು ಹೊರೆಯಲು ಒಂದೆರಡು ಸಮುದ್ರದಾರಿಗಳ ಹೊರತು ಬೇರೆ ಆಸರೆ ಉಳಿಯಲಿಲ್ಲ. ಕ್ರಿ.ಶ. 439ರಲ್ಲಿ ವ್ಯಾಂಡಲರೆಂಬ ಜರ್ಮ್ಯಾನಿಕ್ ಬುಡಕಟ್ಟಿನವರು ಉತ್ತರ ಆಫ್ರಿಕದ ಕಾರ್ತೇಜನ್ನು ವಶಪಡಿಸಿಕೊಂಡ ಮೇಲೆ ಆಫ್ರಿಕದ ತೆರಿಗೆ ಧಾನ್ಯ ರೋಮಿಗೆ ಹಿಂದಿನಂತೆ ಬರಲಿಲ್ಲ. ಆಗಲೇ ಕ್ಷೀಣಿಸುತ್ತಿದ್ದ ಆ ನಗರದ ಜನಸಂಖ್ಯೆ ಮುಂದಿನ ಶತಮಾನದಲ್ಲಿ ಮತ್ತಷ್ಟು ಕುಸಿಯಿತು.