ಮೆಣಸಿನ ರಾಶಿಗೆ ಬಿದ್ದ ಸ್ಕ್ರೂ

ಗೇಮಿಂಗ್ ಕಂಪ್ಯೂಟರನ್ನು ನಾನೇ ಜೋಡಿಸುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಜೋಡಿಸಿದ್ದೇ ಸಿಗಲ್ವಾ?"

ಸಿಗುತ್ತದೆ. ಅಂಗಡಿಯಲ್ಲಿ ಕಾಫಿ ಪುಡಿಯೂ ಸಿಗುತ್ತದೆ. ಆದರೂ ಅಮ್ಮ ತೋಟದ ಬೀಜವನ್ನೇ ಬಾಣಲೆಯಲ್ಲಿ ಹುರಿದು, ಮನೆ ತುಂಬ ಹೊಗೆ ಎಬ್ಬಿಸಿ, ಪುಡಿ ಮಾಡಿಸುತ್ತಾಳೆ. ಅದನ್ನೇ ಹೇಳಿದೆ. "ಅದು ಬೇರೆ" ಅಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ನಮ್ಮದು ಸೋಮವಾರಪೇಟೆ ಕಡೆ. ಸ್ವಲ್ಪ ಅರೇಬಿಕಾ, ಜಾಸ್ತಿ ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವಳು. ವರ್ಷವಿಡೀ ಕೂಡಿಟ್ಟ ದುಡ್ಡಿನಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಬಂದವು. ಅವನ್ನು ಆರಿಸುವುದು ಕಷ್ಟವಾಗಲಿಲ್ಲ. ಆರಿಸಿದ್ದು ನಾನಲ್ಲ, ನನ್ನ ಬಜೆಟ್ಟು. ತಲೆ ತಿಂದದ್ದು ಡ್ರೈವ್.

ಡ್ರೈವ್ ಅಂದರೆ ಡ್ರೈವ್ ಅಂದುಕೊಂಡಿದ್ದೆ. ಹುಡುಕಲು ಕೂತರೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಬೇರೆ, ತಿರುಗುವುದೇನೂ ಇಲ್ಲದೆ ಚಿಪ್‌ನಲ್ಲೇ ಎಲ್ಲ ಇಡುವ ಎಸ್‌ಎಸ್‌ಡಿ ಬೇರೆ. ಎಸ್‌ಎಸ್‌ಡಿಯಲ್ಲಿ ಕಂಪ್ಯೂಟರಿನ ಜೊತೆ ಮಾತಾಡುವ ಹಳೇ ರೀತಿಯ ಸಾಟಾ ಬೇರೆ, ವೇಗದ ಹೊಸ ರೀತಿಯ ಎನ್‌ವಿಎಂಇ ಬೇರೆ. ಎನ್‌ವಿಎಂಇಯಲ್ಲಿ ಮೂರನೇ ಪೀಳಿಗೆ, ನಾಲ್ಕನೇ ಪೀಳಿಗೆ, ಐದನೆಯದು. ಸೀರೆ ಅಂಗಡಿಗೆ ಹೋಗಿ "ಒಂದು ಸೀರೆ ಕೊಡಿ" ಅಂದ ಹಾಗಾಯಿತು ನನ್ನ ಕಥೆ.

ಅಪ್ಪನಿಗೆ ಕುತೂಹಲ. ಅವರಿಗೆ ಅರ್ಥವಾಗುವ ಹಾಗೆ ಹೇಳಿದೆ. "ಪ್ರೊಸೆಸರ್ ಅಂದ್ರೆ ಕಾಫಿ ಹಣ್ಣು ಸುಲಿಯೋ ನಮ್ಮ ಪಲ್ಪರ್. ರ‍್ಯಾಮ್ ಅಂದ್ರೆ ಕಣ. ಡ್ರೈವ್ ಅಂದ್ರೆ ಗೋಡೌನ್. ಕರೆಂಟ್ ಹೋದ್ರೆ ಕಣದಲ್ಲಿ ಹರಡಿದ್ದು ಹೋಗುತ್ತೆ, ಗೋಡೌನಲ್ಲಿ ಇರೋದು ಉಳಿಯುತ್ತೆ."

"ಮಳೆ ಬಂದ ಹಾಗೆ" ಅಂದರು ಅಪ್ಪ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಗೋಡೌನ್ ದೊಡ್ಡದು ನೋಡಿ ತಗೋ ಪುಟ್ಟಿ. ಇನ್ನೇನು ನೋಡೋದಿದೆ ಅದರಲ್ಲಿ?" ಅಂದರು.

ನನಗೆ ನಗು ಬಂತು. ಗೋಡೌನಿನ ಬಾಗಿಲು ಎಷ್ಟು ಅಗಲ ಅನ್ನೋದೂ ಮುಖ್ಯ ಅಂತ ಪಾಠ ಹೇಳಿದೆ. ತಟ್ಟೆ ತಿರುಗುವ ಹಾರ್ಡ್ ಡಿಸ್ಕು ಸೆಕೆಂಡಿಗೆ 150–200 ಎಂಬಿ ಓದುತ್ತದೆ. ಸಾಟಾ ಎಸ್‌ಎಸ್‌ಡಿ 550ರ ಆಸುಪಾಸು. ಎನ್‌ವಿಎಂಇ ಮೂರನೇ ಪೀಳಿಗೆಯದು 3,500, ನಾಲ್ಕನೆಯದು 7,000 ಮುಟ್ಟುತ್ತದೆ. ಅಪ್ಪ ಎಲ್ಲ ಕೇಳಿ, "ಸೋಮವಾರಪೇಟೆಯಿಂದ ಮಡಿಕೇರಿಗೆ ಮಳೆಗಾಲದಲ್ಲಿ ಹೋಗುವಾಗ ಯಾವ ಕಾರಾದ್ರೇನು?" ಅಂತ ಕೇಳಿದರು. ಅದು ಅರ್ಧ ಸರಿ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದರೆ ಆಟ ತೆರೆಯುವ ಸಮಯ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದರೆ ಹೆಚ್ಚಿನ ಆಟಗಳಲ್ಲಿ ಉಳಿಯೋದು ಕೆಲವೇ ಸೆಕೆಂಡು. ಆದರೆ 7,000 ಅನ್ನೋ ಅಂಕಿ ನೋಡಿದ ಮೇಲೆ 550 ಅನ್ನೋದು ಬಾಯಿಗೆ ರುಚಿಸುತ್ತಾ?

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. "ಅಕ್ಕ, ಎಂ ಡಾಟ್ ಟೂ ತಗೋ. ಕಣ್ಣು ಮುಚ್ಕೊಂಡು ತಗೋ" ಅಂದ.

ಕಣ್ಣು ಮುಚ್ಕೊಂಡೇ ತಗೊಂಡೆ. ಭಾರೀ ರಿಯಾಯಿತಿಯಲ್ಲಿತ್ತು. ವಾರವಾದ ಮೇಲೆ ಡೆಲಿವರಿ ಹುಡುಗ ಫೋನ್ ಮಾಡಿ, "ಮೇಡಂ, ತೋಟದ ದಾರಿಗೆ ಗಾಡಿ ಬರಲ್ಲ, ಬೇಕರಿಲಿ ಕೊಟ್ಟಿರ್ತೀನಿ" ಅಂದ. ಬೇಕರಿಯಿಂದ ಅಪ್ಪನೇ ತಂದರು, ಅರ್ಧ ಕೆಜಿ ಖಾರದ ಜೊತೆ. ಡಬ್ಬಿ ಬಿಚ್ಚಿದರೆ ಒಳಗೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದು ತುಂಡು. ಅದಕ್ಕೇ ಅದರ ಹೆಸರು 2280. ನಾನು ಮಾಡೆಲ್ ನಂಬರ್ ಅಂದುಕೊಂಡಿದ್ದೆ. "ಮುರಿದ ಬಾಚಣಿಗೆ ಥರ ಇದೆಯಲ್ಲೇ! ಇಷ್ಟಕ್ಕೆ ಅಷ್ಟು ದುಡ್ಡಾ?" ಅಂದಳು ಅಮ್ಮ.

ಬಾಚಣಿಗೆಯ ಹಲ್ಲಿನ ನಡುವೆ ಎರಡು ಕಚ್ಚುಗಳಿದ್ದವು. ಆ ಎರಡನೇ ಕಚ್ಚು ಏನು ಹೇಳುತ್ತೆ ಅಂತ ನನಗಾಗ ಗೊತ್ತಿರಲಿಲ್ಲ. ಸ್ಲಾಟಿಗೆ ಚೆನ್ನಾಗೇ ಕೂತಿತು. ಸ್ಕ್ರೂ ಹಾಕಿದೆ. ಕಂಪ್ಯೂಟರ್ ಆನ್ ಮಾಡಿದರೆ, ಇಂಥದ್ದೊಂದು ಇಲ್ಲಿ ಇದೆ ಅನ್ನೋದನ್ನೇ ಅದು ಒಪ್ಪಲಿಲ್ಲ. ತೆಗೆದು ಹಾಕಿದೆ. ಊದಿ ಹಾಕಿದೆ. ದೇವರ ಹೆಸರು ಹೇಳಿ ಹಾಕಿದೆ. ಎರಡು ರಾತ್ರಿ ಕಳೆದ ಮೇಲೆ ಮದರ್‌ಬೋರ್ಡಿನ ಪುಸ್ತಕ ಓದಿದೆ. ಮೊದಲೇ ಓದಬೇಕಿತ್ತು, ಗೊತ್ತು. ಎಂ ಡಾಟ್ ಟೂ ಅನ್ನೋದು ಬರೀ ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾನೂ ಬರುತ್ತದೆ, ಎನ್‌ವಿಎಂಇನೂ ಬರುತ್ತದೆ. ಎರಡು ಕಚ್ಚಿದ್ದರೆ ಬಹುಮಟ್ಟಿಗೆ ಸಾಟಾ. ನನ್ನ ಬೋರ್ಡಿನ ಆ ಸ್ಲಾಟಿಗೆ ಸಾಟಾ ಆಗುವುದಿಲ್ಲ.

"ಚೀಲದ ಮೇಲೆ ಅರೇಬಿಕಾ ಅಂತ ಬರೆದ ಮಾತ್ರಕ್ಕೆ ಒಳಗೆ ಅರೇಬಿಕಾ ಇರುತ್ತಾ?" ಅಂದರು ಅಪ್ಪ. ಚೀಲದ ಮೇಲೆ ಸಾಟಾ ಅಂತ ಸಣ್ಣಕ್ಷರದಲ್ಲಿ ಬರೆದೇ ಇತ್ತು ಅನ್ನೋದನ್ನು ನಾನು ಬಾಯಿ ಬಿಡಲಿಲ್ಲ.

ವಾಪಸ್ ಕಳಿಸಿ, ಬದಲಿಗೆ ಒಂದು ಟಿಬಿಯ ಎನ್‌ವಿಎಂಇ ತರಿಸಿದೆ. ಅದು ಬಂದ ದಿನವೇ ಹೂ ಮಳೆಯೂ ಬಂತು.

ಮಾರ್ಚಿನ ಹೂ ಮಳೆ ಅಂದರೆ ಕಾಫಿಯವರಿಗೆ ಹಬ್ಬ. ಅದು ಸರಿಯಾಗಿ ಬಂದರೆ ಗಿಡ ತುಂಬ ಹೂವು, ಬರದಿದ್ದರೆ ಮುಂದಿನ ಬೆಳೆಗೆ ಕಲ್ಲು. ಅಪ್ಪ ಜಗಲಿಯಲ್ಲಿ ನಿಂತು ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದರು. "ನಿಮ್ಮ ಕಡೆ ಎಷ್ಟು ಸೆಂಟು? ನಮಗೆ ಎಂಬತ್ತು!" ನೂರು ಸೆಂಟು ಅಂದರೆ ಒಂದು ಇಂಚು. ಆ ಲೆಕ್ಕದಲ್ಲಿ ಅಪ್ಪ ಎಂದೂ ತಪ್ಪುವುದಿಲ್ಲ. ಆದರೆ ಕಾಫಿಗೆ ಹಬ್ಬವಾದದ್ದು ಮೆಣಸಿಗೆ ಕಷ್ಟ. ಕಣದಲ್ಲಿ ಒಣಗುತ್ತಿದ್ದ ಮೆಣಸನ್ನೆಲ್ಲ ಬಾಚಿ ಹಾಲಿಗೆ ತಂದು ಸುರಿದರು. ಟಿವಿಯಿಂದ ದೇವರ ಕೋಣೆವರೆಗೆ ಕರಿಮೆಣಸು. ನಡುವೆ ಒಂದು ಮೇಜು. ಮೇಜಿನ ಮೇಲೆ ನಾನು ಬಿಚ್ಚಿಟ್ಟ ಕಂಪ್ಯೂಟರ್.

ಎಂ ಡಾಟ್ ಟೂ ಡ್ರೈವನ್ನು ಹಿಡಿದಿಡೋದು ಒಂದೇ ಒಂದು ಸ್ಕ್ರೂ. ಎರಡು ಮಿಲಿಮೀಟರ್ ದಪ್ಪ, ಮೂರು ಮಿಲಿಮೀಟರ್ ಉದ್ದ. ಬಣ್ಣ ಕಪ್ಪು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಇನ್ನೇನು ಹಾಕಬೇಕು, ಗುಡುಗಿತು. ನಾನು ಬೆಚ್ಚಿದೆ. ಸ್ಕ್ರೂ ಹಾರಿ ಮೆಣಸಿಗೆ ಬಿತ್ತು.

ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಅಮ್ಮ ಮೊರ ತಂದು ಕೇರತೊಡಗಿದಳು. ಕೇರಿದರೆ ಹಾರೋದು ಹೊಟ್ಟು, ಸ್ಕ್ರೂ ಅಲ್ಲ. ಅಪ್ಪ ಟಾರ್ಚ್ ಬಿಟ್ಟು ನೋಡಿದರು. ಸ್ಕ್ರೂ ಇಲ್ಲದೆ ಆ ಡ್ರೈವು ಸ್ಲಾಟಿನಲ್ಲಿ ಹೆಡೆ ಎತ್ತಿದ ಹಾವಿನ ಹಾಗೆ ಓರೆಯಾಗಿ ನಿಂತಿತ್ತು. "ಎಂ-ಸೀಲ್ ಹಾಕಿ ಅಂಟಿಸಿಬಿಡ್ಲಾ? ನೀರಿನ ಟ್ಯಾಂಕೇ ನಿಂತಿದೆ ಅದರಲ್ಲಿ" ಅಂದರು ಅಪ್ಪ. ಬೇಡ ಅಂತ ಕೈ ಮುಗಿದೆ.

ಅಯಸ್ಕಾಂತದ ಮಾತು ತೆಗೆದದ್ದು ಅಮ್ಮ. ಫ್ರಿಜ್ಜಿನ ಮೇಲಿದ್ದ ಗಣಪತಿಯನ್ನು ಕಿತ್ತು ಮೆಣಸಿನ ಮೇಲೆ ಓಡಾಡಿಸಿದೆವು. ಅದು ತನ್ನ ಭಾರ ಹೊರುವಷ್ಟು ಮಾತ್ರ ಶಕ್ತಿಯಿರುವ ಗಣಪತಿ. ಆಗ ನೆನಪಾಯಿತು, ಅಟ್ಟದ ಡಬ್ಬಿಯಲ್ಲಿದ್ದ ಹಳೇ ಹಾರ್ಡ್ ಡಿಸ್ಕು.

ನಮ್ಮ ಮೊದಲ ಕಂಪ್ಯೂಟರಿನದು ಅದು. ಒಂದು ಜುಲೈ ರಾತ್ರಿ ಲೈನ್ ಮೇಲೆ ಮರ ಬಿದ್ದು, ಕರೆಂಟು ಹೋಗಿ ಬಂದು, ಹೋಗಿ ಬಂದು, ಆಮೇಲೆ ಆ ಡಿಸ್ಕು ಟಕ್ ಟಕ್ ಅನ್ನಲು ಶುರುಮಾಡಿತು. ಎರಡು ದಿನ ಟಕ್ ಟಕ್ ಅಂದು ಸುಮ್ಮನಾಯಿತು. ಅಕ್ಕನ ಮದುವೆಯ ಫೋಟೊಗಳೆಲ್ಲ ಅದರೊಳಗೇ ಇದ್ದವು. ಇನ್ನೊಂದು ಕಡೆ ಕಾಪಿ ಇಡಬೇಕು ಅಂತ ಆಗ ಯಾರಿಗೆ ಹೊಳೆದಿತ್ತು? ರಿಪೇರಿಯವರು ಹೇಳಿದ ರೇಟಿಗೆ ಇನ್ನೊಂದು ಮದುವೆ ಮಾಡಬಹುದಿತ್ತು. "ಇರಲಿ, ಏನಕ್ಕಾದ್ರೂ ಬರುತ್ತೆ" ಅಂತ ಅಪ್ಪ ಅದನ್ನು ಸುಟ್ಟ ಮೋಟಾರಿನ ಪಕ್ಕ ಎತ್ತಿಟ್ಟಿದ್ದರು. ಬಂತು ನೋಡಿ.

ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯ ಮೇಲೆ ಓಡಾಡುವ ಒಂದು ಸಣ್ಣ ತೋಳಿರುತ್ತದೆ. ಅದನ್ನು ಆಡಿಸಲು ಒಳಗೆ ನಿಯೋಡಿಮಿಯಂ ಅಯಸ್ಕಾಂತ ಇಟ್ಟಿರುತ್ತಾರೆ, ಗಾತ್ರಕ್ಕೂ ಶಕ್ತಿಗೂ ಸಂಬಂಧವೇ ಇಲ್ಲದಂಥದ್ದು. ಮುಚ್ಚಳದ ಸ್ಕ್ರೂಗಳು ಆರು ಮೂಲೆಯ ನಕ್ಷತ್ರದವು. ಪೇಟೆಯ ಮೊಬೈಲ್ ಅಂಗಡಿಯಿಂದ ಬಿಟ್ ಸೆಟ್ ತಂದು ಬಿಚ್ಚಿದೆವು. ಒಂದು ಸ್ಕ್ರೂ ಲೇಬಲ್ ಕೆಳಗೆ ಅಡಗಿ ಕೂತಿತ್ತು. ಅಪ್ಪ ಒಳಗಿನ ತಟ್ಟೆ ನೋಡಿ ದಂಗಾದರು. ಅಮ್ಮನ ಕನ್ನಡಿಗಿಂತ ಹೊಳಪು.

ಆ ಹೊತ್ತಿನಲ್ಲೂ ನನಗೊಂದು ಪಾಠ ಒಪ್ಪಿಸಬೇಕನಿಸಿತು. ಐಬಿಎಂನವರು ಮೊದಲ ಹಾರ್ಡ್ ಡಿಸ್ಕ್ ತಂದದ್ದು 1956ರ ಸೆಪ್ಟೆಂಬರಿನಲ್ಲಿ. 24 ಇಂಚಿನ 50 ತಟ್ಟೆಗಳು, ಒಂದು ಟನ್ ತೂಕ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. "ಆಗಿನ್ನೂ ಕೊಡಗು ಬೇರೆ ರಾಜ್ಯ. ಮೈಸೂರಿಗೆ ಸೇರಿದ್ದು ನವೆಂಬರ್ ಒಂದಕ್ಕೆ" ಅಂದರು ಅಪ್ಪ. ಒಂದು ಟನ್ನಿನ ಡಿಸ್ಕಿನ ಬಗ್ಗೆ ಅವರಿಗೆ ಬೇರೇನೂ ಹೇಳೋದಿರಲಿಲ್ಲ.

ಅಯಸ್ಕಾಂತವನ್ನು ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಮೆಣಸಿನ ಮೇಲೆ ಎಳೆದೆವು. ಮೊದಲು ಸಿಕ್ಕಿದ್ದು ಒಂದು ಹೇರ್‌ಪಿನ್. ಆಮೇಲೆ ಎರಡು ಮೊಳೆ. ಮೂರನೇ ಸಾಲಿನಲ್ಲಿ, ದೇವರ ಕೋಣೆ ಹತ್ತಿರ, ಟಿಕ್ ಅಂತ ನನ್ನ ಸ್ಕ್ರೂ. ಅಮ್ಮ ದೀಪಕ್ಕೆ ಎಣ್ಣೆ ಹಾಕಿದಳು.

ರಾತ್ರಿ ವಿಂಡೋಸ್ ಹಾಕಿ ಅಪ್ಪನನ್ನು ಕರೆದು ತೋರಿಸಿದೆ. ಇಲ್ಲೇ ಎಡವಟ್ಟಾಯಿತು.

"ಎಷ್ಟು ಅಂತ ತಗೊಂಡಿದ್ದು?"

"ಒಂದು ಟಿಬಿ. ಅಂದ್ರೆ ಸಾವಿರ ಜಿಬಿ."

ಅಪ್ಪ ಕನ್ನಡಕ ಹಾಕಿಕೊಂಡರು. "ಇಲ್ಲಿ 931 ಅಂತಿದೆ."

ಅಪ್ಪನ ಜೀವನದ ದೊಡ್ಡ ಜಗಳ ಔಟ್‌ಟರ್ನ್ ಜೊತೆ. 50 ಕೆಜಿ ಚೆರ್ರಿ ಕೊಟ್ಟರೆ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋದು ಔಟ್‌ಟರ್ನ್. 26 ಬಂದರೆ ಒಂದು ದುಡ್ಡು, 28 ಬಂದರೆ ಇನ್ನೊಂದು. ವ್ಯಾಪಾರಿ ಚೀಲಕ್ಕೆ ಚುಚ್ಚಿ ಹಿಡಿ ಬೀಜ ತೆಗೆದಾಗಲೆಲ್ಲ ಅಪ್ಪನ ಮುಖ ನೋಡಬೇಕು. ಆ ಮುಖ ಈಗ ನನ್ನ ಮಾನಿಟರಿನ ಮುಂದಿತ್ತು.

"69 ಕಡಿಮೆ. ಇದಕ್ಕೂ ತೇವಾಂಶ ಅಂತ ಮುರಿದ್ರಾ?"

ಕಂಪನಿಯವರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ ಅಂದೆ. ಮಾಲು ಅಷ್ಟೇ ಇದೆ, ಸೇರು ಬೇರೆ ಅಂದೆ. ನಂಬಲಿಲ್ಲ. ಲೆಕ್ಕದ ಪುಸ್ತಕದ ಜೊತೆಗಿರುವ ದೊಡ್ಡ ಕ್ಯಾಲ್ಕುಲೇಟರ್ ತಂದು, ಒಂದರ ಮುಂದೆ ಹನ್ನೆರಡು ಸೊನ್ನೆ ಹೊಡೆದು, 1,024ರಿಂದ ಮೂರು ಸಲ ಭಾಗಿಸಿದರು. 931.32 ಬಂತು. "ಲೆಕ್ಕ ಸರಿ ಇದೆ" ಅಂದರು. "ಮಾರೋವಾಗ ಒಂದು ಸೇರು, ಅಳೆಯೋವಾಗ ಒಂದು ಸೇರು. ಇವರೂ ವ್ಯಾಪಾರಿಗಳೇ."

ಆಟ ಇಳಿಸಿಕೊಳ್ಳಲು ಕೂತಾಗ ಅಪ್ಪನ ಗೋಡೌನ್ ಮಾತು ನೆನಪಾಯಿತು. ರೆಡ್ ಡೆಡ್ ರಿಡೆಂಪ್ಷನ್ 2 ಅನ್ನೋ ಕುದುರೆ ಆಟಕ್ಕೆ 150 ಜಿಬಿ ಜಾಗ ಬೇಕು. ನಮ್ಮ ಲೈನು ಒಳ್ಳೆಯ ದಿನ 40 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಬರೀ 5 ಎಂಬಿ. ಎಂಟು ಗಂಟೆ ದಾಟುತ್ತದೆ. ಸೆಕೆಂಡಿಗೆ 7,000 ಎಂಬಿ ನುಂಗುವ ಡ್ರೈವು ಐದೈದು ಎಂಬಿಗೆ ಬಾಯಿ ತೆರೆದು ಕೂತಿತ್ತು. ಬೆಂಗಳೂರಿನವರು ಜಾಗ ಸಾಲದಿದ್ದರೆ ಆಟ ಅಳಿಸಿ, ಬೇಕಾದಾಗ ಮತ್ತೆ ಇಳಿಸುತ್ತಾರೆ. ಜುಲೈನಲ್ಲಿ ನಮ್ಮ ಕಡೆ ಅಳಿಸಿದರೆ ಮತ್ತೆ ಬರೋದು ದಸರಾಕ್ಕೆ. ಇಲ್ಲಿ ಒಮ್ಮೆ ಒಳಗೆ ಬಂದ ಮಾಲನ್ನು ಹೊರಗೆ ಬಿಡಬಾರದು. ಗೋಡೌನ್ ದೊಡ್ಡದೇ ಬೇಕು.

"ನಾನು ಏನು ಹೇಳಿದ್ದೆ?" ಅಂದರು ಅಪ್ಪ. ಅಮ್ಮನದು ಬೇರೆ ಪ್ರಶ್ನೆ. "ಕುದುರೆ, ಬಂದೂಕು ನೋಡೋಕೆ ಕೊಡಗಿನವಳಿಗೆ ಕಂಪ್ಯೂಟರ್ ಬೇಕಾ?"

ಸರಿ, ಎರಡು ಟಿಬಿಯ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7,200 ಸುತ್ತಿನದು. ಆಡುವ ಆಟ ಎಸ್‌ಎಸ್‌ಡಿಯಲ್ಲಿ, ಕಾಯುವ ಆಟ ಅದರಲ್ಲಿ. ಈ ಸಲ ಕಣ್ಣು ತೆರೆದುಕೊಂಡು ಓದಿದೆ. ಅಗ್ಗದ ಕೆಲವು ಡಿಸ್ಕುಗಳು ಎಸ್‌ಎಂಆರ್ ಅನ್ನೋ ಜಾತಿಯವು. ಜಾಗ ಉಳಿಸಲು ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರೆಯುತ್ತವೆ. ಓದುವುದಕ್ಕೆ ತೊಂದರೆಯಿಲ್ಲ. ಬರೆದದ್ದನ್ನು ಬದಲಿಸಲು ಹೋದರೆ ತೆವಳುತ್ತವೆ. ಅಪ್ಪನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ತಲೆ ಎತ್ತಿ ಮಂಗಳೂರು ಹೆಂಚಿನ ಮಾಡು ನೋಡಿದರು. "ಒಂದು ಹೆಂಚು ಬದಲಾಯಿಸೋಕೆ ಮೇಲಿನ ನಾಲ್ಕು ಎತ್ತಬೇಕು. ಬೇಡ ಅದು" ಅಂದರು. ಬೇಡ ಅಂತ ಸಿಎಂಆರ್ ತಗೊಂಡೆ. ಒಂದೊಂದು ಸಾಲೂ ಬೇರೆ ಬೇರೆ.

ಅದೂ ಮೊದಲ ದಿನ ಕಾಣಲಿಲ್ಲ ಅನ್ನೋದು ಬೇರೆ ಮಾತು. ಗುಂಯ್ ಅಂತ ತಿರುಗುವ ಸದ್ದು ಮಾತ್ರ ಬರುತ್ತಿತ್ತು. ಕರೆಂಟಿನ ವೈರು ಹಾಕಿ, ಡೇಟಾ ವೈರು ಹಾಕೋದು ಮರೆತಿದ್ದೆ. ಅದನ್ನೂ ಹಾಕಿದ ಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಇನಿಶಿಯಲೈಸ್ ಮಾಡಬೇಕು, ಆಮೇಲೆ ಫಾರ್ಮ್ಯಾಟ್. ಹೊಸ ಡಿಸ್ಕು ಹೊಸ ಸೊಸೆಯ ಹಾಗೆ. ಯಾರಾದರೂ ಪರಿಚಯ ಮಾಡಿಸುವವರೆಗೆ ಬಾಯಿ ಬಿಡುವುದಿಲ್ಲ. ಎರಡು ಟಿಬಿಗೆ ಔಟ್‌ಟರ್ನ್ 1.81 ಬಂತು. ಅಪ್ಪ ತಲೆಯಾಡಿಸಿದರು, ಕ್ಯಾಲ್ಕುಲೇಟರ್ ತೆಗೆಯಲಿಲ್ಲ.

ಹಳೇ ಡಿಸ್ಕಿನ ತಟ್ಟೆಯನ್ನು ಅಮ್ಮ ದಾರ ಕಟ್ಟಿ ಅವರೆ ಚಪ್ಪರಕ್ಕೆ ನೇತುಹಾಕಿದ್ದಾಳೆ. ಬಿಸಿಲಿಗೆ ಹೊಳೆಯುತ್ತದೆ, ಗಿಳಿಗಳು ಹತ್ತಿರ ಬರುತ್ತಿಲ್ಲವಂತೆ. ಅಕ್ಕನ ಮದುವೆ ಆಲ್ಬಂ ಈಗ ಗಾಳಿಗೆ ತೂಗುತ್ತಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ.

ಅಯಸ್ಕಾಂತ ಅಪ್ಪನ ಹತ್ತಿರ. ಮೆಣಸು ಚೀಲಕ್ಕೆ ತುಂಬುವ ಮೊದಲು ಒಂದು ಸಲ ಓಡಾಡಿಸಲೇಬೇಕು ಅಂತ ಈಗ ಅವರದೇ ಕಾನೂನು. ಮೊಳೆ, ತಂತಿ ಚೂರು, ಒಮ್ಮೆ ಒಂದು ಸೇಫ್ಟಿ ಪಿನ್ನು ಸಿಕ್ಕಿದವು. ಪಕ್ಕದ ತೋಟದವರು ಬಂದು ನೋಡಿ, ತಮಗೂ ಒಂದು ಬೇಕು ಅಂದಿದ್ದಾರೆ. ಅಪ್ಪ ಒಪ್ಪಿಬಿಟ್ಟಿದ್ದಾರೆ. ನಿನ್ನೆ ನಾನು ಆಡುತ್ತಿದ್ದಾಗ ಹಿಂದೆ ಬಂದು ನಿಂತರು. ಪರದೆ ನೋಡಲಿಲ್ಲ. ಕೆಳಗೆ ಗುಂಯ್ ಅನ್ನುತ್ತಿದ್ದ ಡಬ್ಬಿಯನ್ನೇ ನೋಡುತ್ತಾ ಕೇಳಿದರು.

"ಪುಟ್ಟಿ, ಇದರೊಳಗೂ ಅದು ಇರುತ್ತಲ್ವಾ?"