ಬೈಗುಳವಾದ ರೈತ, ಮೇಯರ್ ಆದ ರೈತ

ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ಒರಟಾಗಿ ನಡೆದುಕೊಂಡವನಿಗೆ ಬೀಳುವ ಬೈಗುಳ ‘ಕ್ಮೆತ್’. ಹಾಗೆಂದರೆ ರೈತ. ಕಣದಲ್ಲಿ ರಾಶಿ ಪೂಜೆ ಮಾಡುವ ನಾಡಿನಿಂದ ಬಂದವರಿಗೆ ಈ ಮಾತು ಚುಚ್ಚದೆ ಇರದು. ಅಲ್ಲಿಯ ಚದುರಂಗದಲ್ಲೂ ಮುಂದಿನ ಸಾಲಿನ ಎಂಟು ಕಾಯಿಗಳು ಕ್ಮೆತ್‌ಗಳೇ. ನಮ್ಮಲ್ಲಿ ಅವು ಕಾಲಾಳುಗಳು. ರೈತನನ್ನು ನಾವು ಆ ಸಾಲಿನಲ್ಲಿ ನಿಲ್ಲಿಸಲಿಲ್ಲ.

ಅದೇ ಮಾತು ಬಲ್ಗೇರಿಯಾ ಮುಟ್ಟುವಷ್ಟರಲ್ಲಿ ಗದ್ದುಗೆ ಏರಿದೆ. ಸೋಫಿಯಾ ನಗರದ ಮೇಯರ್ ಕ್ಮೆತ್, ಪುಟ್ಟ ಹಳ್ಳಿಯ ಮುಖ್ಯಸ್ಥನೂ ಕ್ಮೆತ್, ಹಳ್ಳಿಯ ಆ ಕಚೇರಿ ‘ಕ್ಮೆತ್‌ಸ್ತ್ವೊ’. ಸೆರ್ಬಿಯಾದಲ್ಲಿ ಹಿಂದೆ ಊರ ಗೌಡನಂಥವನಿಗೆ ಇದೇ ಹೆಸರು. ಚೆಕ್ ನುಡಿಯಲ್ಲಿ ತಲೆನರೆತ ಹಿರಿಯ, ಹಳೆಯ ರಷ್ಯನ್ನಿನಲ್ಲಿ ನುರಿತ ಯೋಧ.

ಬಹುಪಾಲು ವಿದ್ವಾಂಸರು ಇದರ ಬೇರನ್ನು ಲ್ಯಾಟಿನ್ನಿನ ‘ಕೊಮೆಸ್’ನಲ್ಲಿ ಕಾಣುತ್ತಾರೆ. ಜೊತೆಗಾರ, ಮುಂದೆ ಅರಸನ ಪರಿವಾರದವನು ಎಂದು ಅರ್ಥ. ಫ್ರೆಂಚರ ‘ಕೋಂತ್’, ಇಂಗ್ಲಿಷರ ‘ಕೌಂಟ್’ ಎಂಬ ಬಿರುದುಗಳೂ ಅದೇ ಬೇರಿನವು. ಒಂದೇ ಬೀಜ ಪಶ್ಚಿಮದಲ್ಲಿ ಶ್ರೀಮಂತನಾಗಿ, ಆಲ್ಪ್ಸ್ ಬುಡದಲ್ಲಿ ಬೈಗುಳವಾಗಿ ಮೊಳೆತಿದೆ.

ಮಾತು ಹೇಗೆ ಇಳಿಯುತ್ತದೆ ಎನ್ನುವುದಕ್ಕೆ ಪೋಲೆಂಡನ್ನು ನೋಡಬೇಕು. ಮಧ್ಯಯುಗದ ‘ಕ್ಮ್ಯೆಚ್’ ಬಡವನಲ್ಲ. ಪೂರ್ತಿ ಹಿಡುವಳಿಯನ್ನು, ಎಂದರೆ ಸುಮಾರು 17 ಹೆಕ್ಟೇರಿಗೂ ಮಿಕ್ಕ ಭೂಮಿಯನ್ನು ಉಳುತ್ತಿದ್ದ ಸ್ಥಿತಿವಂತ. ಜಮೀನ್ದಾರರು ಬಿಟ್ಟಿ ದುಡಿಮೆಯ ದಿನಗಳನ್ನು ಏರಿಸುತ್ತ ಹೋದಂತೆ ಹೆಸರು ಹಾಗೇ ಉಳಿಯಿತು, ಬದುಕು ಕುಸಿಯಿತು.

ಬೋಸ್ನಿಯಾದಲ್ಲಿ ಇನ್ನೂ ಕಹಿ. ಹಿಂದೆ ಅಲ್ಲಿ ಕ್ಮೆತ್ ಎಂದರೆ ‘ಅಗಾ’ ಎಂಬ ಒಡೆಯನ ಗೇಣಿ ಒಕ್ಕಲು. ಬೆಳೆಯ ಹತ್ತನೇ ಒಂದು ಪಾಲು ಸರ್ಕಾರಕ್ಕೆ, ಉಳಿದುದರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು ಅಗಾನಿಗೆ. 30 ಚೀಲ ಗೋಧಿ ಬೆಳೆದವನು ಮೊದಲು 3, ಆಮೇಲೆ 9 ಅಳೆದು ಕೊಡಬೇಕಿತ್ತು. ಮನೆಗೆ ಬರುವ 18ರಲ್ಲೇ ಮುಂದಿನ ಬಿತ್ತನೆ ಬೀಜವನ್ನೂ ತೆಗೆದಿಡಬೇಕಿತ್ತು. ಆಗ ಅಲ್ಲಿ ಆಳುತ್ತಿದ್ದ ಒಟ್ಟೋಮನ್ ತುರ್ಕರ 1859ರ ಆದೇಶ ಈ ಸಂಬಂಧವನ್ನು ಬರಹಕ್ಕಿಳಿಸಿತು, ಬಿಡಿಸಲಿಲ್ಲ. 1878ರಲ್ಲಿ ಬಂದ ಆಸ್ಟ್ರಿಯಾ-ಹಂಗೇರಿಯೂ ಅದನ್ನು ಮುಂದುವರಿಸಿತು. ಎಲ್ಲರ ಬಿಡುಗಡೆಗೆ ದಾರಿಯಾದದ್ದು 1919ರ ಭೂಸುಧಾರಣೆಯಿಂದ. ನಮ್ಮ ಗೇಣಿದಾರರು ಇಂಥದೇ ಬಿಡುಗಡೆಗೆ 1974ರ ಭೂಸುಧಾರಣಾ ತಿದ್ದುಪಡಿಯವರೆಗೆ ಕಾದವರು. ಈ ನೋವು ಮಲೆನಾಡಿಗೂ ಕರಾವಳಿಗೂ ಹೊಸದಲ್ಲ.

ಆದರೂ ನಮ್ಮಲ್ಲಿ ‘ರೈತ’ ಎನ್ನುವಾಗ ದನಿ ಇಳಿಯುವುದಿಲ್ಲ. ಹೆಗಲ ಮೇಲಿನ ಹಸಿರು ಶಾಲಿನ ಜೊತೆ ಆ ಮಾತು ತಲೆಯೆತ್ತಿ ನಡೆದಿದೆ. ಅದನ್ನು ಬೈಗುಳ ಮಾಡಿಕೊಂಡ ನಗರ ಎಷ್ಟೇ ಚೊಕ್ಕವಾಗಿರಲಿ, ಈ ಒಂದು ವಿಷಯದಲ್ಲಿ ನಮ್ಮೂರೇ ಮೇಲು.

ಇಷ್ಟು ಹೇಳಿದ ಮೇಲೆ ‘ಗಮಾರ’ವನ್ನು ಮುಚ್ಚಿಡುವಂತಿಲ್ಲ. ‘ಗ್ರಾಮ’ದಿಂದಲೇ ಹುಟ್ಟಿದ ಆ ಬೈಗುಳ ಬೆಂಗಳೂರಿನಲ್ಲೂ ಸಲೀಸಾಗಿ ಓಡಾಡುತ್ತದೆ. ‘ರೈತ’ ಕೂಡ ಮನೆಯ ಮಾತಲ್ಲ. ಅರಬ್ಬಿಯ ‘ರಾಯಿಯತ್’ನಿಂದ ಬಂದದ್ದು: ಕುರುಬ ಕಾಯುವ ಮಂದೆ, ದೊರೆ ಆಳುವ ಪ್ರಜೆ. ಒಟ್ಟೋಮನ್ನರು ಬೋಸ್ನಿಯಾದ ಉಳುವವರನ್ನು ಕರೆದದ್ದೂ ಅದೇ ಮಾತಿನಿಂದ, ‘ರಾಯಾ’ ಎಂದು. ಇಂದು ಬೋಸ್ನಿಯಾದ ರಾಜಧಾನಿ ಸರಾಯೆವೋದಲ್ಲಿ ‘ರಾಯಾ’ ಎಂದರೆ ಒಟ್ಟಿಗೆ ಕಾಫಿಗೆ ಕೂರುವ ಗೆಳೆಯರ ಬಳಗ.