ಕನಸಿನ ಗ್ಯಾರೇಜಿಗೂ ಐದೇ ಜಾಗವಂತೆ

ದುಡ್ಡಿನ ಚಿಂತೆ ಇಲ್ಲದಿದ್ದರೆ ಯಾವ ಯಾವ ಕಾರು ಇಟ್ಟುಕೊಳ್ಳುತ್ತೀಯ ಅಂತ ಗೆಳೆಯರು ಆಡುವ ಆಟ ಇದೆಯಲ್ಲ, ಆ ಕನಸಿನ ಗ್ಯಾರೇಜಿಗೆ ಒಂದು ನಿಯಮ ಇದೆ. ಐದೇ ಕಾರು. ಯಾರು ಮಾಡಿದ ನಿಯಮ ಅಂತ ಕೇಳಬೇಡಿ, ಎಲ್ಲರೂ ಪಾಲಿಸುತ್ತಾರೆ. ಕೆಂಪು ದೀಪ ಕಂಡರೂ ನುಗ್ಗುವ ಜನ ಇಲ್ಲಿ ಮಾತ್ರ ಆರನೇ ಕಾರು ಸೇರಿಸಲು ಹೆದರುತ್ತಾರೆ. ಗ್ಯಾರೇಜು ಇರುವುದು ತಲೆಯೊಳಗೆ. ಗೋಡೆ ಇಲ್ಲ, ಬಾಗಿಲಿಲ್ಲ, ಸಾಲದ ಕಂತಿಲ್ಲ. ಐವತ್ತು ಕಾರು ನಿಲ್ಲಿಸಿದರೂ ಯಾರ ಗೇಟಿಗೂ ಅಡ್ಡ ಆಗಲ್ಲ. ಆದರೂ ಐದೇ. ಮನಸ್ಸಿನಲ್ಲಿ ಮಂಡಿಗೆ ತಿನ್ನುವಾಗಲೂ ತುಪ್ಪವನ್ನು ಚಮಚದಲ್ಲಿ ಅಳೆಯುವ ಜನ ನಾವು.

ನನ್ನ ಗೆಳೆಯನೊಬ್ಬ ಇದರಲ್ಲಿ ಪಕ್ಕಾ. ಪುಕ್ಕಟೆ ಕಾರು ಆರಿಸುವಾಗಲೂ ಡಿಕ್ಕಿ ಎಷ್ಟು ದೊಡ್ಡದು ಅಂತ ನೋಡುತ್ತಾನೆ. ಮೊನ್ನೆ ನಾನು ಬುಗಾಟಿ ವೇರಾನ್ ಅಂದೆ. 2005ರಲ್ಲಿ ಬಂದ ಕಾರು. 16 ಸಿಲಿಂಡರ್, 4 ಟರ್ಬೊ, ಅದನ್ನೆಲ್ಲ ತಣ್ಣಗಿಡಲು 10 ರೇಡಿಯೇಟರ್. ಗಂಟೆಗೆ 400 ಕಿಲೋಮೀಟರ್ ದಾಟುತ್ತದೆ.

"ಮೈಲೇಜ್ ಎಷ್ಟು?" ಅಂದ.

ಇದ್ದದ್ದು ಹೇಳಿದೆ. ಪೂರ್ತಿ ವೇಗದಲ್ಲಿ ಹೋದರೆ 100 ಲೀಟರಿನ ಟ್ಯಾಂಕು ಸುಮಾರು 12 ನಿಮಿಷಕ್ಕೆ ಖಾಲಿ. ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಲೀಟರಿಗೆ ಒಂದು ಕಿಲೋಮೀಟರೂ ಇಲ್ವಲ್ಲೋ!" ಪೆಟ್ರೋಲು ಅವನ ಜೇಬಿನಿಂದಲೇ ಸೋರಿಹೋದ ಹಾಗಿತ್ತು ಮುಖ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಗ್ಗಿದ ದನಿಯಲ್ಲಿ ಕೇಳಿದ: "ಡೀಸೆಲ್‌ನಲ್ಲಿ ಬರಲ್ವಾ?"

ಇವನಾದರೂ ಪರವಾಗಿಲ್ಲ. ಇನ್ನೊಂದು ಪಂಗಡ ಇದೆ, ಕಷ್ಟಪಡಲೆಂದೇ ಕನಸು ಕಾಣುವವರು. ಇವರಿಗೆ 1987ರ ಫೆರಾರಿ ಎಫ್40 ಬೇಕು. (ನನ್ನ ಗ್ಯಾರೇಜಿನಲ್ಲೂ ಒಂದಿದೆ, ಅದು ಬೇರೆ ಮಾತು.) ಅದರಲ್ಲಿ ರೇಡಿಯೋ ಇಲ್ಲ, ಕಾಲಡಿಗೆ ಕಾರ್ಪೆಟ್ ಇಲ್ಲ. ಒಳಗಿಂದ ಬಾಗಿಲು ತೆಗೆಯಲು ಹಿಡಿಕೆಯೂ ಇಲ್ಲ, ಒಂದು ದಾರ ಇದೆ, ಎಳೆಯಬೇಕು. "ಆ ದಾರದಲ್ಲೇ ಮಜಾ ಇರೋದು" ಅನ್ನುತ್ತಾರೆ ಕಣ್ಣು ಮುಚ್ಚಿ. ಇದೇ ಮಹಾನುಭಾವರು ತಮ್ಮ ಸ್ವಂತ ಕಾರಿನ ಕಿಟಕಿ ಸ್ವಿಚ್ಚು ಒಂಚೂರು ಬಿಗಿಯಾದರೆ ಸರ್ವಿಸ್ ಸೆಂಟರಿನಲ್ಲಿ ಅರ್ಧ ದಿನ ಜಗಳ ಆಡುತ್ತಾರೆ. ಅಲ್ಲಿ ಯಾರಾದರೂ ಸ್ವಿಚ್ಚು ಕಿತ್ತು ದಾರ ಕಟ್ಟಿಕೊಟ್ಟರೆ ಏನಾಗಬಹುದು, ಯೋಚಿಸಿ.

ಲಂಬೊರ್ಗಿನಿ ಕೌಂಟಾಶ್ ಕೂಡ ಹೀಗೇ. ಹುಡುಗರಿದ್ದಾಗ ಗೋಡೆಗೆ ಅಂಟಿಸಿದ ಚಿತ್ರ, ಇಳಿಸಲು ಮನಸ್ಸು ಬರಲ್ಲ. ಆದರೆ ಹಿಂದಿನ ಕಿಟಕಿಯಿಂದ ಏನೂ ಸರಿಯಾಗಿ ಕಾಣಲ್ಲ. ರಿವರ್ಸ್ ತೆಗೆಯಬೇಕಾದರೆ ಬಾಗಿಲು ಮೇಲಕ್ಕೆತ್ತಿ, ಹೊಸ್ತಿಲ ಮೇಲೆ ಕೂತು, ಅರ್ಧ ಮೈ ಹೊರಗೆ ಹಾಕಿ ಹಿಂದೆ ನೋಡಿಕೊಂಡು ತೆಗೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ನಾನಂತೂ ಅದನ್ನು ಗ್ಯಾರೇಜಿನಲ್ಲಿ ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದ್ದೇನೆ. ಕನಸಿನಲ್ಲಿ ಕತ್ತು ಉಳುಕಿಸಿಕೊಳ್ಳುವುದು ಯಾಕೆ, ಅಲ್ವಾ?

ಮೆಕ್ಲಾರೆನ್ ಎಫ್1 ಬಗ್ಗೆ ಒಂದೇ ತಕರಾರು. ಒಟ್ಟು ಮಾಡಿದ್ದೇ 106 ಕಾರು, ಇರಲಿ. ಇಂಜಿನ್ ಶಾಖ ತಡೆಯಲು ಚಿನ್ನದ ಹಾಳೆ ಹಾಕಿದ್ದಾರೆ, ಸರಿ. ಆದರೆ ಡ್ರೈವರ್ ಸೀಟು ನಡುವೆ, ಉಳಿದಿಬ್ಬರದ್ದು ಸ್ವಲ್ಪ ಹಿಂದೆ, ಎಡಕ್ಕೊಂದು ಬಲಕ್ಕೊಂದು. ದಾರಿ ಹೇಳುವವರು ಎರಡು ಕಿವಿಗೂ ಒಬ್ಬೊಬ್ಬರು!

ಐದನೇ ಜಾಗ ಮಾತ್ರ ವಿನಯಕ್ಕೆ ಮೀಸಲು. ನಾಲ್ಕು ಗರ್ಜಿಸುವ ಕಾರು ಆದ ಮೇಲೆ ಒಂದು ಪುಟಾಣಿ ಕಾರು ಇಡಬೇಕು, ಇಲ್ಲದಿದ್ದರೆ ಅಭಿರುಚಿ ಇಲ್ಲದವನು ಅಂದುಬಿಡುತ್ತಾರೆ. ಮಜ್ದಾ ಮಿಯಾಟಾ ಆಗಬಹುದು, ಹಳೆಯ ಮಿನಿ ಆಗಬಹುದು. ನಾನು ಸಿಟ್ರೊಯೆನ್ 2ಸಿವಿ ಇಟ್ಟೆ. ಉತ್ತ ಹೊಲದಲ್ಲಿ ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು ಅನ್ನುವ ಹಟದಿಂದ ಮಾಡಿದ ಕಾರು ಅದು. ಐದರಲ್ಲಿ ಬುದ್ಧಿ ಇರುವುದು ಅದೊಂದಕ್ಕೇ ಅಂತ ನನ್ನ ಅನುಮಾನ.

ಇನ್ನು ನಿಜವಾಗಿಯೂ ಇಂಥ ಗ್ಯಾರೇಜು ಇರುವವರ ಕತೆ ನೋಡಿ. ಕಾರಿಗೆ ಮೆತ್ತನೆಯ ಹೊದಿಕೆ. ಬ್ಯಾಟರಿ ಸಾಯದಿರಲಿ ಅಂತ ಸದಾ ಒಂದು ಚಾರ್ಜರ್, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಹಾಗೆ. ನಿಂತು ನಿಂತು ಟೈರು ಒಂದು ಕಡೆ ಚಪ್ಪಟೆ ಆಗುತ್ತದೆ, ಟ್ಯಾಂಕಿನ ಪೆಟ್ರೋಲು ಹಳಸುತ್ತದೆ, ವೈರು ಇಲಿ ಪಾಲು. ಓಡಿಸಿದರೆ ಮೀಟರ್ ಏರುತ್ತದೆ, ಮೀಟರ್ ಏರಿದರೆ ಬೆಲೆ ಇಳಿಯುತ್ತದೆ. ಹಾಗಾಗಿ ಎಷ್ಟೋ ಜನ ಓಡಿಸುವುದೇ ಇಲ್ಲ. ಭಾನುವಾರ ಹೊದಿಕೆ ಸರಿಸಿ, ನೋಡಿ, ನಿಟ್ಟುಸಿರು ಬಿಟ್ಟು ಮತ್ತೆ ಮುಚ್ಚುತ್ತಾರೆ. ನಾನೂ ಅಷ್ಟೇ ಮಾಡುವುದು. ನನಗೆ ಇಲಿ ಕಾಟ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಗೆಳೆಯ ಮೆತ್ತಗೆ ಶುರು ಮಾಡಿದ. "ಆ ಎಫ್40 ಎರಡು ದಿನಕ್ಕೆ ಕೊಡೋ. ಶನಿವಾರ ಒಯ್ದು ಭಾನುವಾರ ಸಂಜೆ ತಂದುಬಿಡ್ತೀನಿ."

ಆಗಲ್ಲ ಅಂದೆ. ಅವನು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವನು, ನಾನು ಕಣ್ಣಾರೆ ನೋಡಿದ್ದೇನೆ.

"ಇಲ್ಲದ ಕಾರು ಕೊಡೋಕೂ ಇಷ್ಟು ಜಿಪುಣತನವಾ?" ಅಂದು ಎದ್ದು ಹೋದ. ನಾಲ್ಕು ದಿನ ಆಯಿತು, ಫೋನ್ ಎತ್ತುತ್ತಿಲ್ಲ. ಬೇಕಾದರೆ 2ಸಿವಿ ತಗೊಂಡು ಹೋಗಲಿ. ಪೆಟ್ರೋಲು ಮಾತ್ರ ಅವನೇ ಹಾಕಿಸಬೇಕು.